ಅಕ್ಕನ ಅಡುಗೆಮನೆ ಎಂಬ ಬಯಲು

ದೇಶದ ಕ್ಷಿಪಣಿ ರಕ್ಷಣಾ ವ್ಯವಸ್ಥೆಯು ನೂರಕ್ಕೆ ನೂರರಷ್ಟು ಪರಿಣಾಮಕಾರಿಯಾಗಿದೆ. ಇದು ಅಭಿಪ್ರಾಯವಲ್ಲ, ಸಂಗತಿ. ಅಭಿಪ್ರಾಯವಾಗಿದ್ದರೆ ಹಾದಿಯಲ್ಲಿ ಹೋಗುವವರು ಯಾರು ಬೇಕಾದರೂ ಹೇಳಬಹುದಿತ್ತು. ಸಂಗತಿಯಾದ ಕಾರಣ, ಅದನ್ನು ಹೇಳುವುದಕ್ಕೆಂದೇ ಪರಿಣಾಮಕಾರಿತ್ವ ನಿರ್ಣಯ ಕಚೇರಿ ಎಂಬುದನ್ನು ತೆರೆದು, ಅದಕ್ಕೆ ಮೂರು ಮಹಡಿಯ ಕಟ್ಟಡ, ಒಬ್ಬ ನಿರ್ದೇಶಕರು, ಒಂದು ಧ್ವನಿವರ್ಧಕ ಮತ್ತು ಸಾಕಷ್ಟು ಕುರ್ಚಿಗಳನ್ನು ಒದಗಿಸಲಾಗಿತ್ತು.

ವ್ಯವಸ್ಥೆ ಕೆಲಸ ಮಾಡುವ ಬಗೆ ಮಕ್ಕಳಿಗೂ ಅರ್ಥವಾಗುವಂಥದು. ಶತ್ರುವಿನ ಕ್ಷಿಪಣಿ ಆಕಾಶದಲ್ಲಿ ಕಂಡೊಡನೆ ಅದು ಎಲ್ಲಿ ಬೀಳುತ್ತದೆಂದು ಯಂತ್ರ ಲೆಕ್ಕ ಹಾಕುತ್ತದೆ. ಕಟ್ಟಡದ ಮೇಲೆ ಬೀಳುವುದಾದರೆ ನಮ್ಮ ಪ್ರತಿಕ್ಷಿಪಣಿ ಹಾರಿ ಅದನ್ನು ಹೊಡೆದುರುಳಿಸುತ್ತದೆ. ಬಯಲಿನಲ್ಲಿ ಬೀಳುವುದಾದರೆ, ಬಯಲಿಗೆ ಏನು ನಷ್ಟ ಎಂದು ಯಂತ್ರ ಸುಮ್ಮನಿರುತ್ತದೆ. ಇಷ್ಟರವರೆಗೆ ಯಾರ ತಕರಾರೂ ಇರಲಿಲ್ಲ. ಯಂತ್ರ ಸುಮ್ಮನಿದ್ದ ಕೆಲವು ಸಂದರ್ಭಗಳಲ್ಲಿ ಕ್ಷಿಪಣಿಗಳು ಕಟ್ಟಡಗಳ ಮೇಲೆ ಬಿದ್ದಾಗ ಮಾತ್ರ, ವಿಷಯದ ಆಳ ತಿಳಿಯದ ಕೆಲವರು ಪ್ರಶ್ನೆ ಎತ್ತಿದರು. ಅವರ ಅನುಕೂಲಕ್ಕಾಗಿ ಕಚೇರಿಯು ಒಂದು ನಿಯಮವನ್ನು ರಚಿಸಿತು: "ಯಾವ ಸ್ಥಳವನ್ನು ಬಯಲೆಂದು ಬಗೆದು ಯಂತ್ರವು ಸುಮ್ಮನಿದ್ದಿತೋ ಆ ಸ್ಥಳವನ್ನು ಬಯಲೆಂದೇ ತಿಳಿಯತಕ್ಕದ್ದು. ಸದರಿ ಬಯಲಿನಲ್ಲಿ ಕಟ್ಟಡ ಕಂಡುಬಂದಲ್ಲಿ ಅದರ ಹೊಣೆ ಕಟ್ಟಡದ್ದೇ. ಬಯಲು ಎಂದರೆ ಜನವಸತಿ ಇಲ್ಲದ ಸ್ಥಳ."

ಈ ನಿಯಮವನ್ನು ನೆಲಕ್ಕೆ ಇಳಿಸುವ ಕೆಲಸ ವರ್ಗೀಕರಣಾಧಿಕಾರಿಯದು. ಕ್ಷಿಪಣಿ ಬಿದ್ದಲ್ಲಿಗೆ ಹೋಗಿ, ಅಳತೆ ಹಿಡಿಸಿ, ಬಯಲು ಎಂದು ಬರೆದು ಬರಬೇಕು. ಅವನು ಆ ಕೆಲಸಕ್ಕೆ ಹೇಳಿ ಮಾಡಿಸಿದಂಥ ಮನುಷ್ಯ. ಕಚೇರಿಯ ಗುಂಡುಸೂಜಿಯೊಂದು ಅಂಗಿಗೆ ಸಿಕ್ಕಿಕೊಂಡು ಮನೆಗೆ ಬಂದರೆ ಮರುದಿನ ತಂದು ಡಬ್ಬಿಗೆ ಹಾಕುವವನು. ಪರಿಶೀಲನೆಗೆ ಹೋದಲ್ಲಿ ನೀರು ಕೂಡ ಮುಟ್ಟುವವನಲ್ಲ. ಸುಳ್ಳು ಬರೆದವನೇ ಅಲ್ಲ. ನಿಯಮ ಹೇಳಿದ್ದನ್ನು ಬರೆದವನು. ಈ ಎರಡರ ನಡುವಿನ ವ್ಯತ್ಯಾಸವನ್ನು ಅವನು ಯಾರಿಗೆ ಬೇಕಾದರೂ ವಿವರಿಸಬಲ್ಲವನಾಗಿದ್ದ, ಯಾರೂ ಕೇಳಿರಲಿಲ್ಲ ಅಷ್ಟೆ. ಅವನ ಜೊತೆಗೆ ಅಳತೆಯ ನೌಕರನೊಬ್ಬ ಹೋಗುತ್ತಿದ್ದ. ಟೇಪನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಟೇಪು ಎಂದೇ ಕರೆಯುತ್ತಿದ್ದರು.

ಇವರಿಬ್ಬರೂ ಸೇರಿ ನಗರದಲ್ಲಿ ಹಲವು ಬಯಲುಗಳನ್ನು ಪತ್ತೆ ಮಾಡಿದ್ದರು. ಈಜುಕೊಳವೊಂದು ತಗ್ಗು ಬಯಲಾಯಿತು. ಗ್ರಂಥಾಲಯವೊಂದು ಕಾಗದ ಹರಡಿದ ಬಯಲಾಯಿತು. ಕ್ಷೌರದಂಗಡಿಯೊಂದರಲ್ಲಿ ಒಂದು ಗೋಡೆ, ಎರಡು ಕನ್ನಡಿ ಮತ್ತು ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿ ಉಳಿದಿದ್ದರು. ಗಿರಾಕಿಯನ್ನು ಯಾವ ವರ್ಗಕ್ಕೆ ಸೇರಿಸುವುದೆಂಬ ಜಿಜ್ಞಾಸೆ ಹುಟ್ಟಿ, ಕೊನೆಗೆ ದಾರಿಹೋಕ ಎಂದು ಬರೆಯಲಾಯಿತು. ಕ್ಷೌರಿಕ ಜಾಣ. ಬಾಗಿಲಿದ್ದ ಕಡೆ ಒಂದು ಹಲಗೆ ನೆಟ್ಟು "ಬಯಲು ಕ್ಷೌರ, ಗಾಳಿ ಬೆಳಕು ಉಚಿತ" ಎಂದು ಬರೆಸಿ ಕೆಲಸ ಮುಂದುವರಿಸಿದ.

ಕಚೇರಿಯ ನೆಲಮಹಡಿಯಲ್ಲಿ ದುರಸ್ತಿ ತಂಡವೂ ಒಂದಿತ್ತು. ಕ್ಷಿಪಣಿ ಬಿದ್ದ ಮನೆಗಳನ್ನು ಸರಿಪಡಿಸಿಕೊಡುವುದು ಅದರ ಕರ್ತವ್ಯ. ಅಂಥ ಮನೆ ಇದುವರೆಗೆ ಒಂದೂ ಇರಲಿಲ್ಲವಾದ್ದರಿಂದ, ತಂಡವು ಸ್ಥಾಪನೆಯಾದಂದಿನಿಂದಲೂ ಸರ್ವಸನ್ನದ್ಧವಾಗಿ ಕೇರಂ ಆಡುತ್ತಿತ್ತು.

ಹೀಗಿರಲಾಗಿ ಒಂದು ಮಧ್ಯಾಹ್ನ, ಬಸ್ ಡಿಪೋದ ಹಿಂದಿನ ಓಣಿಯ ಕೊನೆಯಲ್ಲಿ ಹೊಸ ಬಯಲೊಂದು ಉಂಟಾಗಿದೆಯೆಂಬ ಸುದ್ದಿ ಬಂತು. ವಿಳಾಸ ನೋಡಿದ ವರ್ಗೀಕರಣಾಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಅದು ಅವನ ಅಕ್ಕನ ಮನೆ. ಅವನು ಹುಟ್ಟಿದ ಮನೆ. ಅಮ್ಮ ತೀರಿಕೊಂಡ ಮೇಲೆ ಅದೇ ಮನೆಯ ನಡುಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿದು, ಅವನ ಶಾಲೆಯ ಅಂಗಿಯಿಂದ ಹಿಡಿದು ಸಂದರ್ಶನದ ಕೋಟಿನವರೆಗೆ ಎಲ್ಲವನ್ನೂ ಹೊಲಿದುಕೊಟ್ಟವಳು ಅಕ್ಕ. ನಿಯಮಬದ್ಧ ಮನುಷ್ಯನಾದ್ದರಿಂದ ಅವನು ನೆಟ್ಟಗೆ ನಿರ್ದೇಶಕರ ಕೋಣೆಗೆ ಹೋಗಿ, ಇದು ರಕ್ತಸಂಬಂಧಿಯ ಮನೆ, ಪರಿಶೀಲನೆಗೆ ಬೇರೆಯವರನ್ನು ಕಳಿಸುವುದು ಯುಕ್ತ ಎಂದು ನಿವೇದಿಸಿಕೊಂಡ.

ನಿರ್ದೇಶಕರು ಹಲ್ಲುಕಡ್ಡಿ ಬಾಯಿಂದ ತೆಗೆಯದೆ ಕೇಳಿದರು. "ಬಯಲಿಗೂ ನಿಮಗೂ ಎಂಥ ರಕ್ತಸಂಬಂಧ ರೀ?"

ಅವನು ಟೇಪುವನ್ನು ಕರೆದುಕೊಂಡು ಹೊರಟ.

ಅಕ್ಕನಿಗೆ ಏನೂ ಆಗಿರಲಿಲ್ಲ. ಕ್ಷಿಪಣಿ ಬೀಳುವ ಹೊತ್ತಿಗೆ ಅವಳು ಎದುರುಮನೆಯಲ್ಲಿ ಯಾರದೋ ತೋಳಿನ ಅಳತೆ ತೆಗೆದುಕೊಳ್ಳುತ್ತಿದ್ದಳು. ಅಡುಗೆಮನೆಯ ಚಾವಣಿ ಪೂರ್ತಿ ಹೋಗಿತ್ತು, ನಡುಕೋಣೆಯದು ಅರ್ಧ. ಒಲೆಯ ಮೇಲಿದ್ದ ಕುಕ್ಕರು ಪಕ್ಕದ ಮನೆಯ ತಾರಸಿಯ ಮೇಲೆ ಸಿಕ್ಕಿತ್ತು, ಅಕ್ಕಿ ಬೆಂದಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಂಚಿನ ಚೂರುಗಳನ್ನು ಗುಡಿಸಿ ರಾಶಿ ಹಾಕುತ್ತಿದ್ದಳು. ತಮ್ಮನನ್ನು ಕಂಡವಳು ಪೊರಕೆ ಗೋಡೆಗೆ ಒರಗಿಸಿದಳು.

"ಬಂದ್ಯಾ? ಕೂತ್ಕೋ. ಆ ಕುರ್ಚಿ ಬೇಡ, ಅದಕ್ಕೆ ಮೂರೇ ಕಾಲು. ಮಳೆಗಾಲ ಹತ್ರ ಬಂತು ನೋಡು. ನಿಮ್ಮ ಆಫೀಸಿನ ರಿಪೇರಿಯವರನ್ನ ಬೇಗ ಕಳಿಸು. ಚಾವಣಿ ಒಂದು ಆಗ್ಲಿ, ಸುಣ್ಣ ನಾನೇ ಹೊಡ್ಕೋತೀನಿ."

ದುರಸ್ತಿ ತಂಡ ಬರಬೇಕಾದರೆ ಮೊದಲು ಇದನ್ನು ಮನೆ ಎಂದು ಬರೆಯಬೇಕಾಗುತ್ತದೆಂದು ಅವನು ತಿಳಿಸಿದ. ಬರಿ ಎಂದಳು. ಅದು ಅಷ್ಟು ಸುಲಭವಲ್ಲವೆಂದು ಅವನು ನಿಯಮವನ್ನು ಆದ್ಯಂತ ವಿವರಿಸಿದ. ಅವಳು ಕಿವಿಗೊಟ್ಟು ಕೇಳಿದಳು. ಚಿಕ್ಕಂದಿನಲ್ಲಿ ಅವನು ಮಗ್ಗಿ ಒಪ್ಪಿಸುವಾಗಲೂ ಹಾಗೆಯೇ ಕೇಳುತ್ತಿದ್ದಳು.

"ಇದೇನು?" ಎಂದು ಪಕ್ಕದಲ್ಲಿದ್ದುದನ್ನು ತಟ್ಟಿ ಕೇಳಿದಳು.

"ಗೋಡೆ."

ಟೇಪು ಗಂಟಲು ಸರಿಮಾಡಿಕೊಂಡ. "ಲಂಬವಾದ ನೆಲ ಅಂತಲೂ ಬರೀಬಹುದು ಸರ್. ಗ್ರಂಥಾಲಯದಲ್ಲಿ ಹಾಗೇ ಬರೆದಿದ್ವಿ."

"ನೀನು ಸುಮ್ನಿರಪ್ಪ," ಎಂದಳು ಅಕ್ಕ. "ನಮ್ಮಮ್ಮ ಇವನನ್ನ ಹೆತ್ತಿದ್ದು ಆ ಮೂಲೇಲಿ. ಬಯಲಲ್ಲಿ ಹೆರೋಕೆ ಅವಳೇನು ಹಸುವಾ?"

ಟೇಪು ಮೂಲೆಯ ಅಳತೆ ತೆಗೆದುಕೊಂಡ. ವರ್ಗೀಕರಣಾಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ತನ್ನ ಸೇವಾವಧಿಯಲ್ಲೇ ಮೊದಲ ಬಾರಿಗೆ, ಷರಾ ಕಾಲಮ್ಮಿನಲ್ಲಿ "ಮನೆ" ಎಂದು ಬರೆದ. ಅಕ್ಷರ ಸ್ವಲ್ಪ ಸೊಟ್ಟಗಾಯಿತು, ಅಭ್ಯಾಸವಿರಲಿಲ್ಲ.

ಈ ಪದ ಕಚೇರಿಯಲ್ಲಿ ಉಂಟುಮಾಡಿದ ಗಲಿಬಿಲಿಯನ್ನು ಯಾವ ಕ್ಷಿಪಣಿಯೂ ಉಂಟುಮಾಡಿರಲಿಲ್ಲ. ಧ್ವನಿವರ್ಧಕದ ಸಂಜೆಯ ಪ್ರಕಟಣೆ ತಡೆಹಿಡಿಯಲ್ಪಟ್ಟಿತು. ನೆಲಮಹಡಿಯಲ್ಲಿ ದುರಸ್ತಿ ತಂಡದವರು ಆಟ ನಿಲ್ಲಿಸಿ ಪರಸ್ಪರ ಮುಖ ನೋಡಿಕೊಂಡರು. ಗಾರೆ ಮೆತ್ತುವ ಕರಣೆ ಹಿಡಿಯುವುದು ಯಾವ ಕೈಯಲ್ಲೆಂಬುದು ಅವರಲ್ಲಿ ಹೆಚ್ಚಿನವರಿಗೆ ಮರೆತುಹೋಗಿತ್ತು. ನಿರ್ದೇಶಕರು ಮಾತ್ರ ಸಿಟ್ಟಾಗಲಿಲ್ಲ. ಪ್ರಾಮಾಣಿಕರೊಂದಿಗೆ ಹೇಗೆ ವರ್ತಿಸಬೇಕೆಂದು ಅವರಿಗೆ ತರಬೇತಿಯಾಗಿತ್ತು. ವರ್ಗೀಕರಣಾಧಿಕಾರಿಯನ್ನು ಕರೆಸಿ, ಕೂರಿಸಿ, ಬಾಗಿಲು ಹಾಕಿಸಿದರು.

"ನೀವು ಮನೆ ಅಂತ ಬರೆದಿದ್ದಕ್ಕೆ ನನ್ನ ಆಕ್ಷೇಪಣೆ ಇಲ್ಲ," ಎಂದರು. "ಆದರೆ ನಮ್ಮ ವ್ಯವಸ್ಥೆ ಮನೆ ಮೇಲೆ ಕ್ಷಿಪಣಿ ಬೀಳೋಕೆ ಬಿಡಲ್ಲ, ಒಪ್ತೀರಲ್ವಾ? ಅಂದ್ಮೇಲೆ ಒಂದೋ ಅಲ್ಲಿ ಮನೆ ಇದೆ, ಕ್ಷಿಪಣಿ ಬಿದ್ದಿಲ್ಲ. ಇಲ್ಲಾ ಕ್ಷಿಪಣಿ ಬಿದ್ದಿದೆ, ಮನೆ ಇಲ್ಲ. ಎರಡರಲ್ಲಿ ಯಾವುದು ಬೇಕೋ ಆರಿಸ್ಕೊಳ್ಳಿ. ನಾನು ಬಲವಂತ ಮಾಡೋನಲ್ಲ."

ಮನೆ ಇದ್ದು ಕ್ಷಿಪಣಿ ಬೀಳದಿದ್ದರೆ ಚಾವಣಿ ಹೇಗೆ ಹೋಯಿತೆಂದು ಅವನು ಕೇಳಿದ. ಗೃಹಿಣಿಯ ಅಜಾಗರೂಕತೆ ಎಂದು ನಿರ್ದೇಶಕರು ಹೇಳಿದರು. ಕುಕ್ಕರು ಹಾರಿದ್ದಕ್ಕೆ ಅಕ್ಕಪಕ್ಕದವರ ಸಾಕ್ಷಿಯೂ ಇದೆಯಂತೆ. ಹಾಗಾದಲ್ಲಿ ಓಣಿಯ ಶಾಂತಿಗೆ ಭಂಗ ತಂದ ಆರೋಪದ ಮೇರೆಗೆ ಅಕ್ಕನ ಮೇಲೆ ಕ್ರಮ ಜರುಗಿಸುವುದು ಅನಿವಾರ್ಯವಾಗುತ್ತಿತ್ತು.

ಅವನು ಕಾರಿಡಾರಿನಲ್ಲಿ ಬಹಳ ಹೊತ್ತು ಅಡ್ಡಾಡಿದ. ಮನೆ ಇರುವುದು ಸತ್ಯ, ಕ್ಷಿಪಣಿ ಬಿದ್ದದ್ದೂ ಸತ್ಯ. ಎರಡರಲ್ಲಿ ಒಂದನ್ನಾದರೂ ಉಳಿಸಿಕೊಂಡರೆ ಅರ್ಧ ಪ್ರಾಮಾಣಿಕತೆ ಉಳಿದಂತೆ ಎಂದು ಲೆಕ್ಕ ಹಾಕಿದ. ಅಕ್ಕ ಕುಕ್ಕರಿನಿಂದ ಮನೆ ಹಾರಿಸಿದಳೆಂಬ ಅಪವಾದಕ್ಕಿಂತ ಅವಳಿಗೆ ಮನೆಯೇ ಇಲ್ಲವೆನ್ನುವುದು ಗೌರವದ ದಾರಿಯಾಗಿ ಕಂಡಿತು. ಅವಳನ್ನು ಕೇಳಬೇಕೆಂದು ಅನ್ನಿಸಿತು. ಕೇಳಿದರೆ ಅವಳು ಏನು ಹೇಳುತ್ತಾಳೆಂಬುದು ಗೊತ್ತಿದ್ದುದರಿಂದ ಕೇಳಲಿಲ್ಲ. "ಮನೆ" ಎಂಬುದನ್ನು ಹೊಡೆದುಹಾಕಿ "ಬಯಲು" ಎಂದು ಬರೆದ. ಈ ಸಲ ಅಕ್ಷರ ದುಂಡಗೆ ಬಂತು.

ಸಂಜೆ ಧ್ವನಿವರ್ಧಕ ನೂರಕ್ಕೆ ನೂರು ಎಂದು ಸಾರಿತು. ಸಿಬ್ಬಂದಿ ವಿಭಾಗದವರು ಚುರುಕಾಗಿ, ವರ್ಗೀಕರಣಾಧಿಕಾರಿಯ ಸೇವಾ ಪುಸ್ತಕದಲ್ಲಿ ಜನ್ಮಸ್ಥಳದ ಎದುರು "ಬಯಲು" ಎಂದು ತಿದ್ದುಪಡಿ ಮಾಡಿ ಅವನ ರುಜು ಪಡೆದರು.

ಬಯಲಿಗೆ ವಿದ್ಯುತ್ ಸಂಪರ್ಕವಿರಲು ಕಾರಣವಿಲ್ಲವೆಂದು ಮರುವಾರವೇ ತಂತಿ ಕತ್ತರಿಸಿದರು. ನಲ್ಲಿಗೆ ಬಿರಟೆ ಬಡಿದರು. ಬದಲಿಗೆ ಎರಡು ಕುರಿ ಮೇಯಿಸಬಹುದೆಂಬ ಅನುಮತಿ ಬಂತು. ಅಕ್ಕ ತಮ್ಮನಿಗೆ ಬಯ್ಯಲಿಲ್ಲ. ಅವನು ಟಾರ್ಪಾಲಿನ್ ಹಿಡಿದುಕೊಂಡು ಹೋದಾಗ ಅದನ್ನು ತೆಗೆದುಕೊಂಡು, ಅಂಚು ಹೊಲಿದು, ನಡುಕೋಣೆಗೆ ಕಟ್ಟಿದಳು. ಊಟ ಮಾಡು ಎಂದಳು. ಬಯ್ದಿದ್ದರೆ ಅನ್ನ ಇಳಿಯುತ್ತಿತ್ತು.

ಆದರೆ ಓಣಿಯವರು ಕಣ್ಣು ಬಿಟ್ಟಿದ್ದರು. ಎದುರುಮನೆಯ ಗುತ್ತಿಗೆದಾರ ತನ್ನ ಎರಡು ಮಹಡಿಯ ಮೇಲೆ ಇನ್ನೆರಡು ಏರಿಸಬೇಕೆಂದು ವರ್ಷಗಳಿಂದ ಪರವಾನಗಿಗೆ ಅಲೆಯುತ್ತಿದ್ದವನು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಅಕ್ಕನ ಟಾರ್ಪಾಲಿನನ್ನು ನೋಡುತ್ತಿದ್ದಾಗ ಅವನಿಗೆ ಜ್ಞಾನೋದಯವಾಯಿತು. ಪರವಾನಗಿ ಬೇಕಾದ್ದು ಕಟ್ಟಡಕ್ಕೆ. ಬಯಲಿನ ಮೇಲೆ ಎಷ್ಟು ಮಹಡಿ ಇದ್ದರೆ ಯಾರು ಕೇಳುತ್ತಾರೆ? ತಂತಿ, ನಲ್ಲಿ ಹೋದರೆ ಜನರೇಟರು, ಟ್ಯಾಂಕರು ತರಿಸಿಕೊಂಡರಾಯಿತು. ಬಾಯಿ ಮುಕ್ಕಳಿಸಿ, ನೆಟ್ಟಗೆ ಗುಜರಿ ಅಂಗಡಿಗೆ ಹೋಗಿ, ಸುಟ್ಟ ಕಬ್ಬಿಣದ ಕೊಳವೆಯೊಂದನ್ನು ತಂದು ತನ್ನ ತಾರಸಿಯ ಮೇಲೆ ಎಸೆದು, ಕ್ಷಿಪಣಿ ಬಿತ್ತು ಎಂದು ಕಚೇರಿಗೆ ತಿಳಿಸಿದ.

ಕೊಳವೆಯ ಮೇಲೆ ಒಳಚರಂಡಿ ಮಂಡಳಿಯ ಮುದ್ರೆ ಇದ್ದುದನ್ನು ವರ್ಗೀಕರಣಾಧಿಕಾರಿ ಗಮನಿಸಿದ. ಗಮನಿಸಿದ್ದನ್ನು ನಿರ್ದೇಶಕರ ಗಮನಕ್ಕೆ ತಂದ. ನಿರ್ದೇಶಕರು ಯೋಚಿಸಿ, ಶತ್ರುವು ನಮ್ಮ ಒಳಚರಂಡಿಯನ್ನೇ ನಮ್ಮ ಮೇಲೆ ತಿರುಗಿಸುವ ಮಟ್ಟಕ್ಕೆ ಇಳಿದಿದ್ದಾನೆ ಎಂದರು. ಅದಲ್ಲದೆ, ಬಯಲುಗಳು ಹೆಚ್ಚಿದಷ್ಟೂ ಯಂತ್ರವು ಸರಿಯಾಗಿ ಸುಮ್ಮನಿದ್ದ ಪ್ರಸಂಗಗಳೂ ಹೆಚ್ಚಿದಂತಲ್ಲವೇ ಎಂದು ಕೇಳಿದರು. ಅದು ನಿಜವಾಗಿತ್ತು.

ಆಮೇಲೆ ಗುಜರಿ ಅಂಗಡಿಯವನಿಗೆ ಉಸಿರಾಡಲು ಪುರುಸೊತ್ತಿಲ್ಲದಂತಾಯಿತು. ಹಳೇ ಗೀಸರು, ಸೈಲೆನ್ಸರು, ಹಿಟ್ಟಿನ ಗಿರಣಿಯ ಕೊಳವೆ, ಎಲ್ಲವೂ ಆಕಾಶದಿಂದ ಇಳಿಯತೊಡಗಿದವು. ಆತ ಆಮೇಲಾಮೇಲೆ "ಹೆಬ್ಬಾಗಿಲಿಗೆ ಬೀಳುವಂಥದು", "ತಾರಸಿಗೆ ಬೀಳುವಂಥದು" ಎಂದು ಬೇರೆ ಬೇರೆ ಜೋಡಿಸಿಟ್ಟ. ನಗರ ಓಣಿ ಓಣಿಯಾಗಿ ಬಯಲಾಯಿತು, ಬಯಲು ಮಹಡಿ ಮಹಡಿಯಾಗಿ ಮೇಲೇರಿತು. ಆ ಓಣಿಯಲ್ಲಿ ಸೂರಿಲ್ಲದ ಬಯಲು ಎಂದರೆ ಅಕ್ಕನದೊಂದೇ. ಅವಳ ಎದುರಿನ ಬಯಲು ನಾಲ್ಕನೇ ಮಹಡಿಗೆ ಮುಟ್ಟಿ ಅವಳಿಗೆ ಬರುತ್ತಿದ್ದ ಬಿಸಿಲನ್ನೂ ತಡೆದಾಗ, ಅವಳು ಹೊಲಿಗೆ ಯಂತ್ರವನ್ನು ಬೀದಿಗೆ ತಂದಿಟ್ಟುಕೊಂಡು ತುಳಿದಳು.

ಕೊನೆಗೆ ನಗರದಲ್ಲಿ ಕಟ್ಟಡವೆಂದು ಉಳಿದದ್ದು ಪರಿಣಾಮಕಾರಿತ್ವ ನಿರ್ಣಯ ಕಚೇರಿಯೊಂದೇ.

ಇದರಿಂದ ಒಂದು ಸಣ್ಣ ತೊಡಕು ಉಂಟಾಯಿತು. ಅಪಾಯದ ಸೈರನ್ ಕೂಗಿದಾಗ ಬಯಲಿನಲ್ಲಿರುವವರು ಕೂಡಲೇ ಸಮೀಪದ ಕಟ್ಟಡವನ್ನು ಹೊಗತಕ್ಕದ್ದೆಂಬುದು ಹಳೆಯ ಸುತ್ತೋಲೆ. ಅದನ್ನು ಯಾರೂ ರದ್ದುಪಡಿಸಿರಲಿಲ್ಲ. ಮಳೆಗಾಲದ ಮೊದಲ ಮೋಡಗಳು ಕವಿದಿದ್ದ ಒಂದು ಬೆಳಿಗ್ಗೆ ಸೈರನ್ ಕೂಗಿತು. ಕಾನೂನಿಗೆ ತಲೆಬಾಗುವ ನಾಗರಿಕರೆಲ್ಲ ತಮ್ಮ ತಮ್ಮ ಬಯಲುಗಳಿಗೆ ಬೀಗ ಹಾಕಿಕೊಂಡು ಕಚೇರಿಗೆ ಬಂದರು. ಮೆಟ್ಟಿಲು, ಕಾರಿಡಾರು, ಕಡತದ ಕೋಣೆ ಎಲ್ಲ ತುಂಬಿದವು. ಕ್ಷೌರಿಕ ಸಾಬೂನು ಹಚ್ಚಿದ ಗಿರಾಕಿಯನ್ನೂ ಜೊತೆಗೆ ತಂದಿದ್ದ. ಅಕ್ಕ ಹೊಲಿಗೆ ಯಂತ್ರವನ್ನು ಇಬ್ಬರಿಂದ ಹೊರಿಸಿಕೊಂಡು ಬಂದು, ತಮ್ಮನ ಕೋಣೆಯ ಕಿಟಕಿಯ ಪಕ್ಕ ಇಡಿಸಿ, ಚಾವಣಿಯನ್ನು ಒಮ್ಮೆ ತಲೆ ಎತ್ತಿ ನೋಡಿದಳು.

"ಗಟ್ಟಿಯಾಗಿದೆ," ಎಂದಳು. ಅವನ ಕುರ್ಚಿಯ ಮೇಲೆ ಕೂತಳು.

ಬಹುಕಾಲದ ಮೇಲೆ ರಕ್ಷಣಾ ಯಂತ್ರಕ್ಕೆ ಕೆಲಸ ಬಂದಿತ್ತು. ಕಟ್ಟಡವಿದೆ, ಕ್ಷಿಪಣಿ ಅದರತ್ತಲೇ ಬರುತ್ತಿದೆ. ಪ್ರತಿಕ್ಷಿಪಣಿ ಬೆಂಕಿಯುಗುಳಿ ಮೇಲೇರಿತು. ಕಿಟಕಿಗಳಿಂದ ಜನ ಕತ್ತು ಚಾಚಿದರು. ಅದು ಮೋಡದೊಳಕ್ಕೆ ಹೊಕ್ಕಿತು, ಇನ್ನೊಂದು ಕಡೆಯಿಂದ ಹೊರಬಂತು, ಅಲ್ಲಿಂದ ಯಾವುದೋ ತುರ್ತು ಕೆಲಸವಿರುವಂತೆ ದಿಗಂತದತ್ತ ಹೊರಟುಹೋಯಿತು. ಶತ್ರುವಿನ ಕ್ಷಿಪಣಿ ತನ್ನ ಪಾಡಿಗೆ ತಾನು ಇಳಿದು, ಮೂರನೇ ಮಹಡಿಯ ಪೂರ್ವದ ಮೂಲೆಯನ್ನೂ ವರ್ಗೀಕರಣಾಧಿಕಾರಿಯ ಕೋಣೆಯ ಚಾವಣಿಯನ್ನೂ ಎತ್ತಿಕೊಂಡು ಹಿತ್ತಲಿಗೆ ಬಿತ್ತು. ಹಿತ್ತಲಲ್ಲಿ ನಿರ್ದೇಶಕರ ಕಾರಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಸುಣ್ಣದ ಧೂಳು ಇಳಿಯಿತು. ಎಲ್ಲರೂ ತಮ್ಮ ತಮ್ಮ ಕೈಕಾಲು ಮುಟ್ಟಿ ನೋಡಿಕೊಂಡರು. ಕೆಮ್ಮುತ್ತ ಬಂದ ನಿರ್ದೇಶಕರು ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿದ್ದರು. ಹಲ್ಲುಕಡ್ಡಿ ಮಾತ್ರ ಬಾಯಲ್ಲಿ ಹಾಗೇ ಇತ್ತು. ಅವರು ತೆರೆದ ಆಕಾಶವನ್ನು ನೋಡಿದರು, ವರ್ಗೀಕರಣಾಧಿಕಾರಿಯನ್ನು ನೋಡಿದರು.

"ಬರೀರಿ," ಎಂದರು.

ಯಂತ್ರ ಈ ಸಲ ಸುಮ್ಮನಿರಲಿಲ್ಲ, ಹಾರಿಸಿ ತಪ್ಪಿತು ಎಂದು ಅವನು ನೆನಪಿಸಿದ.

"ತಪ್ಪಿತು ಅಂದ್ರೆ ಏನರ್ಥ? ಕಾಪಾಡೋ ಅಂಥದ್ದು ಇಲ್ಲಿ ಏನೂ ಇಲ್ಲ ಅಂತ ಅದಕ್ಕೆ ಅರ್ಧ ದಾರೀಲಿ ಗೊತ್ತಾಯ್ತು. ಬರೀರಿ."

ವರ್ಗೀಕರಣಾಧಿಕಾರಿ ಪೆನ್ನು ತೆಗೆದ. ಅವನು ಕೋಣೆಯನ್ನೂ ಬಾಗಿಲಾಚೆ ಒತ್ತೊತ್ತಾಗಿ ನಿಂತ ಜನರನ್ನೂ ನೋಡಿದ. ಇದೂ ಬಯಲಾದರೆ ಮುಂದಿನ ಸಲ ಸೈರನ್ ಕೂಗಿದಾಗ ಇವರೆಲ್ಲ ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಅವನ ಧ್ವನಿ ಅವನಿಗೇ ಹೊಸದಾಗಿ ಕೇಳಿಸಿತು.

"ಇವರೆಲ್ಲ ಅಂದ್ರೆ?" ಎಂದರು ನಿರ್ದೇಶಕರು. "ಬಯಲಲ್ಲಿ ಜನವಸತಿ ಇರಲ್ಲ ರೀ. ನಿಯಮ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಜನ ತಲೆಯಾಡಿಸಿದರು. ಗುತ್ತಿಗೆದಾರ ಎಲ್ಲರಿಗಿಂತ ಜೋರಾಗಿ ಆಡಿಸಿದ. ಒಂದು ಕಡೆ ಮನೆ ಎಂದು ಶುರುವಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಚಿಂತೆ ಅವನದು. ವರ್ಗೀಕರಣಾಧಿಕಾರಿ ಅಕ್ಕನತ್ತ ತಿರುಗಿದ. ಬೇಡ ಅನ್ನು ಎಂದು ಕಣ್ಣಿನಲ್ಲೇ ಕೇಳಿದ. ಅವಳೊಬ್ಬಳು ಬೇಡವೆಂದಿದ್ದರೆ ಅವನು ಅಂದು ಪೆನ್ನನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದ. ಕಿಟಕಿ ಇನ್ನೂ ಇತ್ತು.

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬೆಳಕು ಈಗ ಚೆನ್ನಾಗಿತ್ತು.

"ನನ್ನ ಅಡುಗೆಮನೆಗೆ ಬಯಲು ಅಂತ ಬರೆಯುವಾಗ ನನ್ನನ್ನ ಕೇಳಿದ್ಯಾ?" ಎಂದಳು, ದಾರದ ತುದಿ ಹಲ್ಲಿನಿಂದ ಕಡಿದು. ಸಿಟ್ಟೇನೂ ಇರಲಿಲ್ಲ. "ಬರಿ ಮಗಾ. ಮೊದಲು ಒಂದೆರಡು ದಿನ ಹೊಟ್ಟೆ ಉರಿಯುತ್ತೆ. ಆಮೇಲೆ ಅಭ್ಯಾಸ ಆಗುತ್ತೆ."

ಅವನು ಬರೆದ. ಅಕ್ಷರ ದುಂಡಗಿತ್ತು.

ಟೇಪು ಬಂದು ಸ್ವಲ್ಪ ದಾರಿ ಬಿಡಿ, ನೆಲ ಅಳೆಯಬೇಕು ಎಂದ. ಎಲ್ಲರೂ ಒಂದೊಂದು ಕಾಲು ಎತ್ತಿ ನಿಂತರು. ಅಕ್ಕ ಎರಡೂ ಕಾಲನ್ನು ಹೊಲಿಗೆ ಯಂತ್ರದ ಪೆಡಲಿನ ಮೇಲಿಟ್ಟುಕೊಂಡಳು. ಧ್ವನಿವರ್ಧಕ ಕೆಳಗೆ ಬಿದ್ದು ಒಡೆದಿದ್ದುದರಿಂದ ಅಂದಿನ ಪ್ರಕಟಣೆಯನ್ನು ನಿರ್ದೇಶಕರು ಮುರಿದ ಗೋಡೆಯ ಮೇಲೆ ಹತ್ತಿ ನಿಂತು ಸ್ವಂತ ಗಂಟಲಿನಿಂದ ಓದಿದರು. ಬಯಲಿನಲ್ಲಿ ಕ್ಷಿಪಣಿಯೊಂದು ಬಿದ್ದಿದೆ. ಅಲ್ಲಿ ಯಾರೂ ಇರಲಿಲ್ಲ. ವ್ಯವಸ್ಥೆಯು ನೂರಕ್ಕೆ ನೂರರಷ್ಟು ಪರಿಣಾಮಕಾರಿಯಾಗಿದೆ.

ಅಲ್ಲಿ ಇರದಿದ್ದವರೆಲ್ಲ ಒಂಟಿ ಕಾಲಿನಲ್ಲಿ ನಿಂತುಕೊಂಡೇ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮಳೆ ಬಂತು. ಯಾರೂ ಕದಲಲಿಲ್ಲ, ಏಕೆಂದರೆ ಅಳತೆ ಇನ್ನೂ ಮುಗಿದಿರಲಿಲ್ಲ.